ತೋಡಿನ ದಂಡೆಯನ್ನು ಕಾಯುವ ಮುಂಡುಗ

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರಾಂತದ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ತುಳುವಿನಲ್ಲಿ ಮುಂಡೇವು ಎಂತಲೂ ಕನ್ನಡದಲ್ಲಿ ಮುಂಡುಗ ಅಥವಾ ಕೇದಗೆ ಎಂತಲೂ ಕರೆಯಲ್ಪಡುವ ಗಿಡವನ್ನು ಅರಿಯದವರು ಈ ಸೀಮೆಯಲ್ಲಿ ವಿರಳ. ಅಷ್ಟಮಿಗೆ ಮೂಡೆ ಕಟ್ಟುವುದು ಇದರ ಓಲೆಯಿಂದ. ನಾಗರಪಂಚಮಿಯಂದು ಬನದಲ್ಲಿ ಹಿಂಗಾರದೊಡನೆ ಅರ್ಪಿಸುವುದು ಇದರ ಹೂವನ್ನು. ಹೀಗಿದ್ದರೂ ತೋಟದ ಅಂಚಿನಲ್ಲಿ ಇದನ್ನು ಕಂಡೊಡನೆ ಮುಳ್ಳುಪೊದೆಯೆಂದು ಬುಡಸಮೇತ ಕಿತ್ತೊಗೆಯುವವರು ಉಂಟು. ಇದರಿಂದ ಬೇಸಾಯಗಾರನಿಗೆ ಒದಗುವ ನಷ್ಟವನ್ನು ವಿಚಾರಿಸುವುದು ಅವಶ್ಯ.

ಕೇದಗೆಯ ನಿಜವಾದ ನೆಲೆ ಕಡಲತೀರದ ಮರಳದಿಬ್ಬ. ಶಾಸ್ತ್ರಜ್ಞರು ಇದನ್ನು ಪ್ಯಾಂಡನಸ್ ಎಂಬ ಕುಲಕ್ಕೆ ಸೇರಿಸಿರುವರು. ಇದೇ ಕುಲದ ಗಿಡಗಳು ಒಳನಾಡಿನ ತೋಡು, ಹೊಳೆ, ಜೌಗುನೆಲಗಳ ಬದಿಯಲ್ಲಿಯೂ ಬೆಳೆಯುವುವು. ಇದು ವರ್ಷವಿಡೀ ಹಸುರಾಗಿರುವ ಗಿಡ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಪರಿಮಳದ ಹೂವು ಗಂಡು ಗಿಡದ್ದು. ಹೆಣ್ಣು ಗಿಡದಲ್ಲಿ ಅನಾನಸನ್ನು ಹೋಲುವ ಕಾಯಿ ಬಿಡುವುದು. ಕಾಂಡದಿಂದ ಊರುಗೋಲುಗಳಂತೆ ಬೇರುಗಳು ಇಳಿದು ನೆಲವನ್ನು ಹಿಡಿಯುವುವು. ಕಡಲಗಾಳಿಗೆ ಸಡಿಲ ಮರಳು ಚದುರದಂತೆ ತಡೆಯುವ ಈ ಬೇರುಗಳೇ ತೋಡಿನ ದಂಡೆಯ ಮಣ್ಣನ್ನೂ ಬಿಗಿಹಿಡಿಯುವುವು.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವುದು. ಅದರ ಬಹುಭಾಗ ನಾಲ್ಕೇ ತಿಂಗಳುಗಳಲ್ಲಿ ಸುರಿದುಹೋಗುವುದು. 1923ರ ಮತ್ತು 1974ರ ನೇತ್ರಾವತಿಯ ನೆರೆಗಳನ್ನು ಬಂಟ್ವಾಳ, ಪಾಣೆಮಂಗಳೂರಿನವರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಭಾಗದಲ್ಲಿ ತೋಟ ಗದ್ದೆಗಳ ಮೇಲೆ ಮರಳೂ ಮರದ ದಿಮ್ಮಿಗಳೂ ಬಂದು ಬಿದ್ದುವು. ಅಂತಹ ಮಹಾಪ್ರವಾಹವನ್ನು ಯಾವ ಗಿಡವೂ ತಡೆಯಲಾರದು. ಮುಂಡುಗವು ತಡೆಯುವುದೆಂದು ಹೇಳುವುದು ಸತ್ಯವಲ್ಲ. ಆದರೆ ಯಾರ ಲೆಕ್ಕಕ್ಕೂ ಸಿಕ್ಕದ ಇನ್ನೊಂದು ನಷ್ಟವಿರುವುದು. ಬರಿದಾದ ದಂಡೆಯಿಂದ ತೋಡು ವರ್ಷಕ್ಕೆ ಒಂದು ಗೇಣು ಮಣ್ಣನ್ನು ಕೊಂಡೊಯ್ದರೆ, ಹನ್ನೆರಡು ವರ್ಷಗಳಲ್ಲಿ ಅಂಚಿನ ಅಡಿಕೆಯ ಸಾಲು ಬುಡ ಕಳೆದುಕೊಂಡು ನೀರಿಗೆ ಒರಗುವುದು. ಈ ನಷ್ಟವನ್ನು ತಗ್ಗಿಸುವುದು ಮುಂಡುಗಕ್ಕೆ ಸಾಧ್ಯ.

ಮುರಕಲ್ಲಿನ ಗೋಡೆ ಒಳ್ಳೆಯದೇ. ಆದರೆ ಅದಕ್ಕೆ ಹಣ ಬೇಕು, ಅಡಿಪಾಯದ ಮಣ್ಣು ತೊಳೆದುಹೋದರೆ ಅದು ಒಮ್ಮೆಗೇ ಕುಸಿಯುವುದು. ಗಿಡವಾದರೋ ವರ್ಷದಿಂದ ವರ್ಷಕ್ಕೆ ಹೊಸ ಬೇರಿಳಿಸಿ ಬಲಗೊಳ್ಳುವುದು. ಎತ್ತರವಾದ ಹೊಳೆದಂಡೆಗೆ ಗೋಡೆಯೇ ಬೇಕಾಗಬಹುದು. ಚಿಕ್ಕ ತೋಡುಗಳಿಗೆ ಮುಂಡುಗವೇ ಸಾಕು.

ಪೊದೆಯಲ್ಲಿ ಹಾವು ಸೇರುವುದೆಂಬ ಆಕ್ಷೇಪಣೆಯುಂಟು. ಹೂವಿನ ಪರಿಮಳಕ್ಕೆ ಹಾವು ಬರುವುದೆಂಬುದು ನಂಬಿಕೆ ಮಾತ್ರ. ದಟ್ಟ ಪೊದೆಯಲ್ಲಿ ಇಲಿ, ಕಪ್ಪೆಗಳಿರುವಲ್ಲಿಗೆ ಹಾವು ಬರುವುದು ಸಹಜ. ಆದಕಾರಣ ಮನೆಯಂಗಳಕ್ಕೂ ನಡೆದಾಡುವ ದಾರಿಗೂ ದೂರವಾಗಿ ನೆಡತಕ್ಕದ್ದು. ಒಣಗಿದ ಓಲೆಗಳನ್ನು ವರ್ಷಕ್ಕೊಮ್ಮೆ ಬೇಸಗೆಯಲ್ಲಿ ತೆಗೆಸತಕ್ಕದ್ದು.

ನೆಡುವ ಕ್ರಮ ಸುಲಭ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ತಾಯಿಗಿಡದ ಬುಡದಲ್ಲೆದ್ದ ಮರಿಗಳನ್ನು ಬೇರುಸಹಿತ ಬಿಡಿಸಿ, ಉದ್ದವಾದ ಓಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮಾರಿಗೊಂದರಂತೆ ನೆಡಬೇಕು. ನೀರಿನ ಅಂಚಿನಲ್ಲಿ ನೆಟ್ಟರೆ ಬೇರೂರುವ ಮೊದಲೇ ಕೊಚ್ಚಿಹೋಗುವುದು; ಆದ್ದರಿಂದ ದಂಡೆಯ ಇಳಿಜಾರಿನ ನಡುಭಾಗವೇ ಯೋಗ್ಯ. ಮೊದಲ ಎರಡು ವರ್ಷ ದನಕರುಗಳು ತುಳಿಯದಂತೆ ಕಾಯಬೇಕು. ಬೆಳೆದ ಮೇಲೆ ತೋಡಿನ ಮಧ್ಯಕ್ಕೆ ಚಾಚಿದ ರೆಂಬೆಗಳನ್ನು ಕಡಿಯಲೇಬೇಕು. ಇಲ್ಲವಾದರೆ ಕಸಕಡ್ಡಿ ಸಿಕ್ಕಿ ನೀರು ಗದ್ದೆಗೆ ನುಗ್ಗುವುದು.

ಆದಾಯವೂ ಇಲ್ಲದಿಲ್ಲ. ಮುಳ್ಳು ತೆಗೆದು, ಸೀಳಿ, ಬೇಯಿಸಿ ಒಣಗಿಸಿದ ಓಲೆಯಿಂದ ಚಾಪೆ ಹೆಣೆಯುವ ವಿದ್ಯೆಯನ್ನು ಹಳೆಯ ಮನೆಗಳ ಹೆಂಗಸರು ಬಲ್ಲರು. ಅಷ್ಟಮಿ, ಚೌತಿಗಳ ಮುನ್ನ ಮಂಗಳೂರಿನ ಪೇಟೆಯಲ್ಲಿ ಕಟ್ಟಿದ ಮೂಡೆಯ ಓಲೆಗೆ ಗಿರಾಕಿಗಳಿರುವರು. ಓಲೆ ಕೊಯ್ಯುವಾಗ ಹೊರಗಿನ ಬಲಿತವನ್ನು ಮಾತ್ರ ಕೊಯ್ದು ಸುಳಿಯನ್ನು ಬಿಡಬೇಕು. ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಇದೇ ಕೇದಗೆಯ ಗಂಡು ಹೂವನ್ನು ಮುಂಜಾನೆ ಕೊಯ್ದು, ನೀರಿನೊಡನೆ ಬಟ್ಟಿಯಿಳಿಸಿ ಅತ್ತರನ್ನು ತೆಗೆಯುವರು. ಅಲ್ಲಿಯ ಅನೇಕ ಹಳ್ಳಿಗಳಿಗೆ ಇದು ಜೀವನೋಪಾಯ. ಇಲ್ಲಿ ಬಟ್ಟಿಯ ಏರ್ಪಾಡಿಲ್ಲದಿರುವಾಗ ಹೂವಿನ ಆಸೆಯಿಂದ ನೆಡುವುದು ಬೇಡ. ದಂಡೆಯ ರಕ್ಷಣೆಗಾಗಿ ನೆಟ್ಟು, ಉಳಿದುದನ್ನು ಲಾಭವೆಂದು ಎಣಿಸುವುದು ವಿವೇಕ.

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಒಬ್ಬನು ತನ್ನ ದಂಡೆಯನ್ನು ಮಾತ್ರ ಭದ್ರಪಡಿಸಿದರೆ ನೀರಿನ ಪೆಟ್ಟು ಎದುರುದಂಡೆಯ ನೆರೆಯವನಿಗೆ ಬೀಳುವುದು. ಅಲ್ಲಿಂದ ವ್ಯಾಜ್ಯ ಹುಟ್ಟುವುದು. ಆದುದರಿಂದ ಬೇಸಗೆಯಲ್ಲಿ ಕಟ್ಟ ಹಾಕಲು ಎರಡೂ ದಂಡೆಯವರು ಕೂಡುವಂತೆಯೇ ಈ ಕಾರ್ಯಕ್ಕೂ ಕೂಡಿ, ತೋಡಿನ ತಲೆಯಿಂದ ಕೆಳಕ್ಕೆ ಕ್ರಮವಾಗಿ ನೆಡಿಸುವುದು ಯುಕ್ತ. ಮರಿಗಳಿಗೆ ಹಣ ಬೇಕಿಲ್ಲ. ಒಂದೆರಡು ದಿನದ ಕೂಡುದುಡಿಮೆ ಸಾಕು. ಬರುವ ಕಾರ್ತೆಲಿನೊಳಗೆ ಪ್ರತಿಯೊಂದು ಗ್ರಾಮದಲ್ಲಿ ಒಂದು ತೋಡಾದರೂ ಹೀಗೆ ಭದ್ರವಾದರೆ, ಮಣ್ಣು ಮುಂದಿನ ಪೀಳಿಗೆಯವರ ಪಾಲಿಗೆ ಉಳಿಯುವುದು.