ಅಂಗೈಯ ಸರಸ್ವತಿ, ಪುಸ್ತಕದ ನವಿಲುಗರಿ



ನಾಡುನುಡಿಯ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ವಿಷಯ ದೊಡ್ಡದು, ನಾನು ಶಾಲೆಯ ಮೇಷ್ಟ್ರು. ಆದಕಾರಣ ಶಾಲೆಯೊಳಗಿನ ಒಂದೆರಡು ವಿಚಿತ್ರ ಪದ್ಧತಿಗಳನ್ನಷ್ಟೇ ತಮ್ಮ ಮುಂದಿಡುತ್ತೇನೆ.

1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳನ್ನು ಕುರಿತು ಮದರಾಸು ಸರ್ಕಾರಕ್ಕೆ ವರದಿಯೊಂದನ್ನು ಬರೆದನು. ಆಗ ಬಳ್ಳಾರಿಯೂ ನಮ್ಮ ಈ ಸೀಮೆಯೂ ಒಂದೇ ಆಡಳಿತದಲ್ಲಿದ್ದವು. 1953ರಲ್ಲಿ ಬಳ್ಳಾರಿ ಮೈಸೂರನ್ನು ಸೇರಿತು. 1956ರಲ್ಲಿ ಕೊಳ್ಳೇಗಾಲವೂ ಸೇರಿತು. ನಾವು ಇಲ್ಲಿಯೇ ಉಳಿದೆವು. ಅದಿರಲಿ. ಶಾಲೆ ಬೆಳಗಿನ ಆರು ಗಂಟೆಗೆ ಆರಂಭ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದೇಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು!

ಆ ಬೆತ್ತ ಮರಳಿ ಬರಲೆಂದು ನಾನು ಹೇಳಲಾರೆ. ಆದರೆ ಅಂಗೈಯ ಆ ಅಕ್ಷರ ಅಳಿಸದಂತೆ ಮುಷ್ಟಿ ಬಿಗಿದು ಮನೆಗೆ ನಡೆದ ಹುಡುಗನನ್ನು ಮನಸ್ಸಿನಲ್ಲೇ ಕಂಡಿದ್ದೇನೆ. ಶಾಲೆ ತನ್ನದೆಂದು ಅವನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಇಂದಿನ ಮಕ್ಕಳಿಗೆ ಅಂತಹುದೇನಿದೆ? ನವಿಲುಗರಿಯಿದೆ. ಪುಸ್ತಕದ ನಡುವೆ ಇಟ್ಟು, ಪೆನ್ಸಿಲು ಹೆರೆದ ಸಿಪ್ಪೆಯನ್ನು ಮೇವಾಗಿ ಹಾಕಿದರೆ ಗರಿ ಮರಿ ಹಾಕುವುದೆಂಬ ನಂಬಿಕೆ ತಮಗೆಲ್ಲ ತಿಳಿದಿದೆ, ತಾವೂ ಇಟ್ಟವರೇ. ತಮಿಳು ಮಕ್ಕಳಲ್ಲಿಯೂ ಈ ನಂಬಿಕೆಯುಂಟು. ಗರಿಗೆ ಗಡಿಯಿಲ್ಲ.

ಕೆಲವು ವರ್ಷಗಳ ಹಿಂದೆ ಆರನೆಯ ತರಗತಿಗೆ ಹುಡುಗನೊಬ್ಬನು ಸೇರಿದನು. ತಂದೆತಾಯಿಗಳು ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿದ್ದರು; ಅಲ್ಲಿ ತಮಿಳಿನಲ್ಲಿ ಓದಿದ ಮಗು, ಅಜ್ಜಿಯ ಮನೆಗೆ ಬಂದಿತ್ತು. ಕನ್ನಡ ಅಕ್ಷರ ಬಾರದು. ನಾಚಿಕೆಯಿಂದ ಬಾಯಿಯನ್ನೇ ಬಿಡನು. ಈ ಶಾಲೆಯಲ್ಲಿ ನಿಲ್ಲಲಾರನೆಂದು ನಾನು ತೀರ್ಮಾನಿಸಿಬಿಟ್ಟಿದ್ದೆನು. ಒಂದು ದಿನ ಸಂಧಿಯ ಪಾಠದ ನಡುವೆ ಹಿಂದಿನ ಬೆಂಚಿನಲ್ಲಿ ಪಿಸುಮಾತು ಕೇಳಿಸಿತು. ಸಿಟ್ಟಿನಿಂದ ಹೋಗಿ ಅವನ ಪುಸ್ತಕವನ್ನು ತೆರೆಯಹೊರಟೆನು. ಪಕ್ಕದ ಹುಡುಗನು ತನ್ನ ಗರಿಯಲ್ಲಿ ಅರ್ಧವನ್ನು ಸೀಳಿ ಇವನಿಗೆ ಕೊಟ್ಟಿದ್ದನೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹುಡುಗನು ಎರಡು ಕೈಗಳಿಂದಲೂ ಪುಸ್ತಕವನ್ನು ಒತ್ತಿ ಹಿಡಿದು,

"ಸಾರ್, ತೆಗೀಬೇಡಿ ಸಾರ್! ಬೆಳಕು ಬಿದ್ರೆ ಮರಿ ಹಾಕಲ್ಲ" ಎಂದನು.

ತರಗತಿಯಲ್ಲಿ ಅವನಾಡಿದ ಮೊದಲ ಮಾತು ಅದು. ನಾನು ಪುಸ್ತಕದಿಂದ ಕೈ ತೆಗೆದು, ಲೋಪಸಂಧಿಗೆ ಹಿಂದಿರುಗಿದೆನು.