ಅನಾಮತ್ತು ಖಾತೆಯ ಇನ್ನೂರ ಎಪ್ಪತ್ತು ರೂಪಾಯಿ

(ವ್ಯಾಪಾರಸ್ಥ ಮನೆತನಗಳ ಯುವಕ-ಯುವತಿಯರಿಗಾಗಿ ಹುಬ್ಬಳ್ಳಿಯಲ್ಲಿ ನಡೆದ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ನಾನು ಸರಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನು. ರಸ್ತೆ, ಸೇತುವೆ, ಕೆರೆ ಏರಿ ಇವುಗಳ ಬಗ್ಗೆ ಕೇಳಿದರೆ ಎಷ್ಟು ಹೊತ್ತಾದರೂ ಮಾತಾಡುತ್ತೇನೆ. ಇಂದು ಮಾತ್ರ ನನ್ನ ತಂದೆಯವರ ಅಂಗಡಿಯಲ್ಲಿ ಲೆಕ್ಕ ಬರೆಯಲು ಕಲಿತದ್ದನ್ನು ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಪ್ರಯೋಜನವಿಲ್ಲ.

ನಮ್ಮದು ದುರ್ಗದಬೈಲಿನ ಹತ್ತಿರದ ಓಣಿಯಲ್ಲಿ ಸಣ್ಣ ಅಡತಿ ಅಂಗಡಿ. ರೈತರು ಹತ್ತಿ, ಮೆಣಸಿನಕಾಯಿ ತರುತ್ತಿದ್ದರು. ಮಾರಿಸಿ ಕೊಟ್ಟು, ಅಡತಿ, ಹಮಾಲಿ, ತೂಕದ ಖರ್ಚು ಕಳೆದು ಪಟ್ಟಿ ಬರೆದು ಕೊಡುವುದು ನಮ್ಮ ಕೆಲಸ. ಬಹಳ ರೈತರು ಹಣವನ್ನು ಒಮ್ಮೆಲೇ ಒಯ್ಯುತ್ತಿರಲಿಲ್ಲ. ಅಂಗಡಿಯಲ್ಲೇ ಇಟ್ಟು, ಬಿತ್ತಿಗೆಗೋ ಮದುವೆಗೋ ಬೇಕಾದಾಗ ಬಂದು ಕೇಳುತ್ತಿದ್ದರು. ಅವರ ಕೈಯಲ್ಲಿ ಪಾಸ್‌ಬುಕ್ ಇರಲಿಲ್ಲ. ನಮ್ಮ ವಹಿಯೇ ಅವರ ಬ್ಯಾಂಕು.

ನನಗೆ ಲೆಕ್ಕ ಕಲಿಸಿದವರು ನಮ್ಮ ಗುಮಾಸ್ತರು. ಅವರನ್ನು ನಾವು ಮಕ್ಕಳೆಲ್ಲ ಕಾಕಾ ಎನ್ನುತ್ತಿದ್ದೆವು. ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಕಿರ್ದಿ. ಎಡಕ್ಕೆ ಜಮಾ, ಬಲಕ್ಕೆ ನಾವೆ. ದಿನದ ಎಲ್ಲ ವ್ಯವಹಾರ ಮೊದಲು ಕಿರ್ದಿಗೆ. ರಾತ್ರಿ ಶಿಲ್ಕು ತೆಗೆದು ಗಲ್ಲಾ ಪೆಟ್ಟಿಗೆಯ ಹಣ ಎಣಿಸಿ ಎರಡೂ ಹೊಂದಿದ ಮೇಲೆಯೇ ಬಾಗಿಲು ಹಾಕುವುದು. ಆಮೇಲೆ ಕಿರ್ದಿಯಿಂದ ಒಬ್ಬೊಬ್ಬರ ಖಾತೆಗೆ ಏರಿಸುವುದು, ಅದಕ್ಕೆ ಖತಾವಣಿ ಎನ್ನುತ್ತಾರೆ. ಖಾತೆಯ ಪ್ರತಿ ರಕಮಿನ ಪಕ್ಕದಲ್ಲಿ ಕಿರ್ದಿಯ ಪುಟದ ಸಂಖ್ಯೆ ಇರಲೇಬೇಕು. ಕೊನೆಗೆ ಎಲ್ಲ ಖಾತೆಗಳ ಬಾಕಿ ಬರೆದು ಎರಡೂ ಕಡೆ ಕೂಡಿಸಿದರೆ ಮೊತ್ತ ಒಂದೇ ಬರಬೇಕು. ಅದು ತೇರೀಜು.

ಕಾಕಾ ಮೂರು ಮಾತು ಹೇಳಿದ್ದರು. ಅಳಿಸಬೇಡ, ತಪ್ಪಿದರೆ ಗೆರೆ ಎಳೆದು ಮೇಲೆ ಬರೆ. ನಾಳೆ ಬರೆಯುತ್ತೇನೆಂದು ಬಿಡಬೇಡ. ಮನೆಗೆ ಒಯ್ದ ಕಾಲು ಕಿಲೋ ಬೆಲ್ಲವನ್ನೂ ಘರಖರ್ಚು ಖಾತೆಗೆ ಹಾಕು, ಅಂಗಡಿ ಬೇರೆ, ಮನೆ ಬೇರೆ.

1977ರ ಬೇಸಿಗೆ. ನಾನಾಗ ಎಂಜಿನಿಯರಿಂಗ್ ಓದುತ್ತಿದ್ದೆ, ವಯಸ್ಸು ಹತ್ತೊಂಬತ್ತು. ರಜೆಗೆ ಬಂದಾಗ ಕಾಕಾ ಕಾಯಿಲೆ ಬಿದ್ದಿದ್ದರು. ಎರಡು ತಿಂಗಳ ಖತಾವಣಿ ಬಾಕಿ ಉಳಿದಿತ್ತು. 'ತಮ್ಮಾ, ನೀನ ಮುಗಿಸು' ಎಂದರು ಅಪ್ಪ. ಕ್ಯಾಲ್ಕುಲಸ್ ಓದುವವನಿಗೆ ಕೂಡಿಸಿ ಕಳೆಯುವುದು ಯಾವ ದೊಡ್ಡ ಕೆಲಸ ಎಂಬ ಗರ್ವ ನನಗೆ. ಎಂಟು ದಿನದಲ್ಲಿ ಎಲ್ಲ ಏರಿಸಿದೆ. ತೇರೀಜು ತೆಗೆದರೆ ಜಮಾ ಕಡೆ 270 ರೂಪಾಯಿ ಕಡಿಮೆ. ಎರಡು ರಾತ್ರಿ ಹುಡುಕಿದೆ, ಸಿಗಲಿಲ್ಲ. ಕಾಲೇಜು ಸುರುವಾಗುವುದಿತ್ತು. ಗೊತ್ತಾಗದ ರಕಮುಗಳನ್ನು ತಾತ್ಪೂರ್ತಿಕ ಇಡುವ ಅನಾಮತ್ತು ಖಾತೆ ಒಂದಿತ್ತು. ಅದರ ಜಮಾ ಕಡೆ 270 ಎಂದು ಬರೆದುಬಿಟ್ಟೆ. ತೇರೀಜು ಹೊಂದಿತು. ಅಪ್ಪ ನೋಡಿ ಬೆನ್ನು ತಟ್ಟಿದರು. ನಾನು ಬಾಯಿ ಬಿಡಲಿಲ್ಲ.

ದೀಪಾವಳಿಗೆ ಮರಳಿ ಬಂದೆ. ಪಾಡ್ಯಕ್ಕೆ ಹೊಸ ವಹಿ ಪೂಜೆಯಾಗಬೇಕು, ಅದಕ್ಕೆ ಮೊದಲು ಹಳೆಯದನ್ನು ಮುಗಿಸಬೇಕು. ಕಾಕಾ ಗುಣವಾಗಿ ಬಂದಿದ್ದರು. ಅನಾಮತ್ತು ಖಾತೆಯ ಮೇಲೆ ಬೆರಳಿಟ್ಟು ಕೇಳಿದರು, 'ತಮ್ಮಾ, ಇದಕ್ಕ ಕಿರ್ದಿ ಪುಟ ಎಲ್ಲೈತಿ?' ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. ಬೈಯಲಿಲ್ಲ. 'ಇನ್ನೂರ ಎಪ್ಪತ್ತನ್ನ ಒಂಬತ್ತರಿಂದ ಭಾಗಿಸು' ಎಂದರು. ಶೇಷವಿಲ್ಲದೆ ಭಾಗ ಹೋಯಿತು. 'ಹಂಗಾದ್ರ ಯಾವುದೋ ಎರಡು ಅಂಕಿ ಅದಲು ಬದಲು ಆಗಿರಬೇಕು, ಹುಡುಕು.' ಅರ್ಧ ತಾಸಿನಲ್ಲಿ ಸಿಕ್ಕಿತು. ಕುಂದಗೋಳ ತಾಲೂಕಿನ ಒಬ್ಬ ರೈತನ ಮೆಣಸಿನಕಾಯಿ ಹಣ. ಕಿರ್ದಿಯಲ್ಲಿ 630. ನಾನು ಅವನ ಖಾತೆಗೆ ಏರಿಸಿದ್ದು 360.

ಅಪ್ಪ ಸುಮ್ಮನೆ ಕೂತರು. ಆಮೇಲೆ ಹೇಳಿದರು. ಆ ರೈತ ಜೂನ್‌ನಲ್ಲಿ ಬೀಜ ಗೊಬ್ಬರಕ್ಕೆ ಹಣ ಕೇಳಲು ಬಂದಿದ್ದನಂತೆ. 360 ಕೊಟ್ಟಾಗ 'ಸಾವಕಾರ್ರ, ಇನ್ನೂ ಇರಬೇಕಲ್ರಿ' ಎಂದನಂತೆ. 'ತೇರೀಜು ಹೊಂದೇತಿ, ತಪ್ಪಿರಾಕ ಸಾಧ್ಯ ಇಲ್ಲ ಯಜಮಾನ್ರ' ಎಂದು ಅಪ್ಪ ಹೇಳಿ ಕಳಿಸಿದ್ದರು. ಅವನು ಎರಡನೆಯ ಮಾತಾಡದೆ ಎದ್ದು ಹೋಗಿದ್ದ.

ಮರುದಿನವೇ ನಾನೂ ಅಪ್ಪನೂ ಬಸ್ ಹಿಡಿದು ಆ ಊರಿಗೆ ಹೋದೆವು. ಅವನಿಗೆ ಓದಲು ಬರುತ್ತಿರಲಿಲ್ಲ. ಅವನ ಹೆಂಡತಿ ಜಂತಿಯ ಸಂದಿಯಿಂದ ನಮ್ಮ ಅಂಗಡಿಯ ಪಟ್ಟಿ ತೆಗೆದು ತಂದಳು. ಕಾಕಾನ ಅಕ್ಷರದಲ್ಲಿ 630 ಎಂದು ಸ್ಪಷ್ಟವಾಗಿತ್ತು. ಅಷ್ಟು ದಿನ ಆ ಸಾಕ್ಷಿ ಅವರ ತಲೆಯ ಮೇಲೆಯೇ ಇತ್ತು. ಕಡಿಮೆ ಬಿದ್ದ ಹಣಕ್ಕೆ ಅವರು ಊರಲ್ಲಿ ಬಡ್ಡಿ ಸಾಲ ತಂದು ಬಿತ್ತಿದ್ದರು. ಅಪ್ಪ 270 ಎಣಿಸಿ ಇಟ್ಟು, ಆ ಬಡ್ಡಿಯನ್ನೂ ಇಟ್ಟು, 'ನನ್ನ ಮಗ ತಪ್ಪು ಬರದಾನ, ನಾ ತಪ್ಪು ಮಾತಾಡೇನಿ' ಎಂದು ಕೈಮುಗಿದರು. ಆತ ಬಡ್ಡಿ ಮುಟ್ಟಲಿಲ್ಲ. 'ನೀವು ಬಂದ್ರಲ್ಲ, ಸಾಕು' ಎಂದ. ಬಸ್ಸಿನಲ್ಲಿ ಮರಳುವಾಗ ಅಪ್ಪ ಒಂದೇ ಮಾತು ಆಡಿದರು: 'ಲೆಕ್ಕ ತಪ್ಪಿದ್ದಕ್ಕ ಸಿಟ್ಟಿಲ್ಲ. ಹೊಂದಿಸಿದ್ದಕ್ಕ ಸಿಟ್ಟು.'

ಮುಂದೆ ನೌಕರಿಯಲ್ಲಿ ಮೆಜರ್‌ಮೆಂಟ್ ಪುಸ್ತಕ ಕೈಗೆ ಬಂದಾಗ ನನಗೆ ಹೊಸದೆನಿಸಲಿಲ್ಲ. ಅಲ್ಲಿಯೂ ಪುಟಕ್ಕೆ ಸಂಖ್ಯೆ, ಅಳಿಸುವಂತಿಲ್ಲ, ತಿದ್ದಿದಲ್ಲಿ ಸಹಿ ಬೇಕು. ಇಟಲಿಯ ಲೂಕಾ ಪಾಚೋಲಿ ಎಂಬ ಸನ್ಯಾಸಿ ಜೋಡಿ ನಮೂದಿನ ಲೆಕ್ಕ ಪದ್ಧತಿಯನ್ನು 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. ವೆನಿಸ್ ಆಗಲಿ ಹುಬ್ಬಳ್ಳಿಯಾಗಲಿ, ತತ್ವ ಒಂದೇ: ಒಂದು ಕಡೆ ಬಂದದ್ದು ಇನ್ನೊಂದು ಕಡೆಯಿಂದ ಬಂದಿರಲೇಬೇಕು.

ನಮ್ಮ ಬಸವಣ್ಣನವರೂ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಭಂಡಾರದ ಹಣ ಪೋಲಾಗಿದೆ ಎಂಬ ದೂರು ಬಂದಾಗ, ಎಣಿಸಿ ನೋಡಿದರೆ ಎಲ್ಲವೂ ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಅದನ್ನು ಪವಾಡವೆಂದು ಕೇಳುತ್ತ ಬಂದಿದ್ದೇವೆ. ನನಗೆ ಮಾತ್ರ ಅದು ದಿನದಿನವೂ ಬರೆದಿಟ್ಟ ಲೆಕ್ಕವೆಂದು ಅನಿಸುತ್ತದೆ. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿಸಿ ಬಾ ಎಂದಳಲ್ಲ, ಅವಳಿಗೂ ಮನೆಯ ದಿನದ ಲೆಕ್ಕ ಗೊತ್ತಿದ್ದುದರಿಂದಲೇ ಹೆಚ್ಚಿನದು ಕಣ್ಣಿಗೆ ಬಿತ್ತು.

ಈಗ ವ್ಯಾಪಾರ ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಹೋಗಿದೆ. 1989-90ರ ತೆರಿಗೆ ನಿರ್ಧಾರಣಾ ವರ್ಷದಿಂದ ಆದಾಯ ತೆರಿಗೆಗೆ ಎಲ್ಲರ ಲೆಕ್ಕವೂ ಮಾರ್ಚ್ 31ಕ್ಕೇ ಮುಗಿಯಬೇಕು. ಪಾಡ್ಯದ ವಹಿ ಪೂಜೆ ಸಂಪ್ರದಾಯವಾಗಿ ಉಳಿದಿದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದಿದೆ. ಕಂಪ್ಯೂಟರ್ ಎರಡೂ ಕಡೆ ತಾನೇ ಏರಿಸುತ್ತದೆ. ಆದರೆ ಇಲ್ಲೊಂದು ಅಪಾಯವಿದೆ. ನನ್ನ ತಪ್ಪನ್ನು ತೋರಿಸಿದ್ದು ಹೊಂದದ ತೇರೀಜು. ಇಂದು 630ರ ಬದಲು 360 ಎಂದು ಒತ್ತಿದರೆ ಎರಡೂ ಕಡೆ 360 ಆಗುತ್ತದೆ, ತೇರೀಜು ಅಂದವಾಗಿ ಹೊಂದುತ್ತದೆ, ಯಾರೂ ಎಚ್ಚರಿಸುವುದಿಲ್ಲ. ಆದ್ದರಿಂದ ಪರದೆಯನ್ನಷ್ಟೇ ನೋಡಬೇಡಿ. ರೈತನಿಗೆ ಕೊಟ್ಟ ಪಟ್ಟಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ.

ತರುಣರಿಗೆ ನನ್ನ ವಿನಂತಿ ಇಷ್ಟೆ. ಲೆಕ್ಕವನ್ನು ಆಡಿಟರ್ ನೋಡಿಕೊಳ್ಳುತ್ತಾರೆ ಎಂದು ಬಿಡಬೇಡಿ, ವರ್ಷವಾದರೂ ಸ್ವಂತ ಕೈಯಿಂದ ಬರೆಯಿರಿ. ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳನ್ನೂ ಗಲ್ಲೆಯ ಮುಂದೆ ಕೂರಿಸಿ. ಮಠದ, ಸಂಘದ, ದಾಸೋಹದ ಲೆಕ್ಕ ಬರೆಯುವ ಸರದಿ ಬಂದರೆ ಅದನ್ನು ಅಂಗಡಿಯ ಲೆಕ್ಕಕ್ಕಿಂತ ಬಿಗಿಯಾಗಿ ಬರೆಯಿರಿ, ಓದಲು ಬಾರದವರು ಕೊಟ್ಟ ಕಾಸೂ ಅದರಲ್ಲಿರುತ್ತದೆ. ಮತ್ತು ಅನಾಮತ್ತು ಖಾತೆಯಲ್ಲಿ ಒಂದು ರಕಮು ಕಂಡರೆ, ಅದರ ಹಿಂದೆ ಯಾವುದೋ ಮನೆಯ ಬಿತ್ತಿಗೆ ನಿಂತಿರಬಹುದೆಂದು ತಿಳಿದು ಹುಡುಕಿರಿ.