ಮಾತು ತಡವಾದ ಮಗು: ತಂದೆತಾಯಿಯರೊಡನೆ ಕೆಲವು ಮಾತು



ಕುಟುಂಬ ಕಲ್ಯಾಣದ ಸಭೆಯೆಂದರೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ, ಶಸ್ತ್ರಚಿಕಿತ್ಸೆ ಇಷ್ಟೇ ಎಂದು ಭಾವಿಸಿ ನೀವು ಇಲ್ಲಿ ಬಂದು ಕುಳಿತಿರಬಹುದು. ಇಂದು ನಾನು ಅವುಗಳನ್ನು ಸ್ವಲ್ಪ ಬದಿಗಿರಿಸಿ, ಮನೆಯ ಬಾಗಿಲು ಮುಚ್ಚಿಕೊಂಡು ಮಾತ್ರ ಆಡಲಾಗುವ ಒಂದು ವಿಷಯವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಸಕಾಲದಲ್ಲಿ ನಡೆದು, ನೋಡಲು ಲಕ್ಷಣವಾಗಿದ್ದು, ಮೂರು ವರ್ಷ ತುಂಬುತ್ತಾ ಬಂದರೂ ಮಾತನಾಡದ, ಹೆಸರು ಹಿಡಿದು ಕರೆದರೆ ತಿರುಗಿ ನೋಡದ, ತನ್ನಷ್ಟಕ್ಕೆ ತಾನೇ ಇರುವ ಮಗುವಿನ ವಿಷಯ ಅದು.

ನಾನು ಮನೋವೈದ್ಯನಲ್ಲ, ಮಕ್ಕಳ ತಜ್ಞನೂ ಅಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ ವೈದ್ಯಾಧಿಕಾರಿ. ಸೇವೆಗೆ ಸೇರಿದ ಮೊದಲ ವರ್ಷ, ಎರಡು ವರ್ಷದ ಗಂಡು ಮಗುವನ್ನು ನೆಗಡಿ ಕೆಮ್ಮೆಂದು ಒಬ್ಬ ತಾಯಿ ಕರೆತಂದಿದ್ದರು. ಔಷಧಿ ಪಡೆದು ಹೊರಡುವಾಗ, ನಮ್ಮ ಹೆಣ್ಣುಮಕ್ಕಳು ಮುಖ್ಯವಾದ ಮಾತನ್ನು ಯಾವಾಗಲೂ ಬಾಗಿಲ ಬಳಿ ನಿಂತು ಹೇಳುವಂತೆ, "ಸ್ವಾಮಿ, ಇವನು ಇನ್ನೂ ಒಂದು ಸಲವೂ ಅಮ್ಮಾ ಎಂದು ಕರೆದಿಲ್ಲ" ಎಂದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ನೋಡಮ್ಮ, ಗಂಡುಮಕ್ಕಳಿಗೆ ಮಾತು ತಡ. ಶಾಲೆಗೆ ಹೋದರೆ ತಾನೇ ಬರುತ್ತದೆ" ಎಂದು ಹೇಳಿ ಕಳುಹಿಸಿದೆ.

ಎರಡು ವರ್ಷಗಳ ಅನಂತರ ಅದೇ ತಾಯಿ ಅದೇ ಮಗುವಿನೊಡನೆ ಬಂದರು. ಮಾತು ಬಂದಿರಲಿಲ್ಲ. ಅಂಗಿ ಎತ್ತಿ ನೋಡಿದಾಗ ಹೊಟ್ಟೆಯ ಮೇಲೆ ಐದು ಸುಟ್ಟ ಕಲೆಗಳಿದ್ದವು. ಮಾತು ಬರಲೆಂದು ಯಾರೋ ಹೇಳಿದ್ದನ್ನು ಕೇಳಿ ಬರೆ ಹಾಕಿಸಿದ್ದರು. ವೈದ್ಯನೇ ಏನೂ ಇಲ್ಲವೆಂದ ಮೇಲೆ ಅವರು ಮತ್ತಾರ ಬಳಿಗೆ ಹೋಗಬೇಕಿತ್ತು? ಆ ಕಲೆಗಳಲ್ಲಿ ನನ್ನ ಪಾಲೂ ಇದೆಯೆಂದು ನಾನು ಇಂದಿಗೂ ನಂಬಿದ್ದೇನೆ. ಈ ಭಾಷಣಕ್ಕೆ ಕಾರಣ ಅದೇ.

ಈ ಸ್ಥಿತಿಗೆ ಸ್ವಲೀನತೆ ಅಥವಾ ಆಟಿಸಂ ಎಂದು ಹೆಸರು. 1943ರಲ್ಲಿ ಅಮೆರಿಕದಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ಗಮನಿಸಿ ಇದನ್ನು ವಿವರವಾಗಿ ಬರೆದರು. ಇದು ರೋಗವಲ್ಲ, ಅಂಟುವುದಿಲ್ಲ. ಮಿದುಳಿನ ಬೆಳವಣಿಗೆಯೇ ಬೇರೊಂದು ರೀತಿಯಲ್ಲಿ ಸಾಗುವುದರಿಂದ ಹೀಗಾಗುತ್ತದೆ. ಹೆಚ್ಚಿನ ಪಾಲು ವಂಶವಾಹಿಗಳದು. 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಇದು ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದುದರಿಂದ ನಿಮ್ಮ ಊರಿನಲ್ಲಿ ಇಂಥ ಮಗು ಇಲ್ಲವೆಂದು ಯಾರಾದರೂ ಹೇಳಿದರೆ, ಇದೆ, ಆದರೆ ಹೊರಗೆ ಬಂದಿಲ್ಲ ಎಂದೇ ತಿಳಿಯಿರಿ. ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಪತ್ತೆಯಾಗುತ್ತದೆ. ಸುಮ್ಮನೆ ಮೂಲೆಯಲ್ಲಿ ಕುಳಿತ ಹೆಣ್ಣುಮಗುವನ್ನು ನಾವು "ನಾಚಿಕೆಯ ಹುಡುಗಿ" ಎಂದು ಮೆಚ್ಚಿ ಬಿಟ್ಟುಬಿಡುತ್ತೇವೆ.

ಇಂಥ ಹಲವು ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆಯೂ ನಿಧಾನವಾಗಿರುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ಎಲ್ಲರಲ್ಲಿಯೂ ಅಲ್ಲ. ಮಾತಿಲ್ಲದ ಮಾತ್ರಕ್ಕೆ ತಿಳಿವಳಿಕೆಯೂ ಇಲ್ಲವೆಂದು ಎಣಿಸಿ ಮಗುವಿನ ಎದುರಿನಲ್ಲೇ "ಇದಕ್ಕೆ ಏನೂ ತಿಳಿಯದು" ಎಂದು ಆಡಬೇಡಿ. ಎಷ್ಟು ತಿಳಿಯುತ್ತದೆಂಬುದು ನಮಗೆ ತಿಳಿಯದಿರಬಹುದು.

ಇನ್ನು ತಾಯಂದಿರ ವಿಷಯ. ಮಗು ಹೀಗಾದರೆ ನಮ್ಮಲ್ಲಿ ಮೊದಲು ಬೆರಳು ತೋರುವುದು ತಾಯಿಯ ಕಡೆಗೆ. ಗ್ರಹಣ ನೋಡಿದಳು, ಹಾಲು ಸರಿಯಾಗಿ ಕುಡಿಸಲಿಲ್ಲ, ಅವಳ ತವರಿನ ಕಡೆಯದು ಎಂದು ಅತ್ತೆಮನೆಯಲ್ಲಿ ಮಾತು ಏಳುತ್ತದೆ. ಹಳ್ಳಿಯವರಷ್ಟೇ ಹೀಗೆ ಎನ್ನಬೇಡಿ. ಓದಿದ ವೈದ್ಯರೂ ಹಿಂದೆ ಕೆಲವು ದಶಕಗಳ ಕಾಲ ತಾಯಿಯಲ್ಲಿ ಮಮತೆ ಸಾಲದೆ ಹೀಗಾಗುತ್ತದೆಂದು ಪುಸ್ತಕಗಳಲ್ಲಿ ಬರೆದಿದ್ದರು. ಅದು ತಪ್ಪೆಂದು ಸಿದ್ಧವಾಗಿದೆ. ಸಭೆಯಲ್ಲಿರುವ ಗಂಡಸರು ಇದನ್ನು ಮನೆಗೆ ಹೋಗಿ ನಿಮ್ಮ ತಾಯಂದಿರಿಗೆ ಹೇಳಬೇಕು. ಸೊಸೆ ಹೇಳಿದರೆ ಕೇಳುವುದಿಲ್ಲ, ಮಗ ಹೇಳಿದರೆ ಕೇಳುತ್ತಾರೆ.

ಲಸಿಕೆಯಿಂದ ಹೀಗಾಯಿತೆಂಬ ಮಾತೂ ಈಗ ಮೊಬೈಲಿನಲ್ಲಿ ಹಳ್ಳಿಹಳ್ಳಿಗೆ ಬಂದಿದೆ. 1998ರಲ್ಲಿ ಇಂಗ್ಲೆಂಡಿನ ವೈದ್ಯನೊಬ್ಬ 12 ಮಕ್ಕಳನ್ನು ಆಧರಿಸಿ ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿ ಬರೆದನು. ಅದರಲ್ಲಿದ್ದ ಸಂಗತಿಗಳು ನಂಬಲರ್ಹವಲ್ಲವೆಂದು ಕಂಡುಬಂದು 2010ರಲ್ಲಿ ಆ ಲೇಖನವನ್ನು ಪತ್ರಿಕೆಯೇ ಹಿಂತೆಗೆದುಕೊಂಡಿತು. ಆತನ ವೈದ್ಯ ಪರವಾನಗಿಯೂ ಹೋಯಿತು. ಮುಂದೆ ಲಕ್ಷಾಂತರ ಮಕ್ಕಳನ್ನು ಪರೀಕ್ಷಿಸಿದಾಗ ಅಂಥ ನಂಟು ಕಾಣಲಿಲ್ಲ. ನಮ್ಮಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಎರಡನೆಯ ಸಲ ಬರುವುದು 16ರಿಂದ 24 ತಿಂಗಳ ನಡುವೆ. ಮಾತು ಬಂದಿಲ್ಲವೆಂದು ತಾಯಿಗೆ ಹೊಳೆಯುವುದೂ ಅದೇ ಕಾಲದಲ್ಲಿ. ಜೊತೆಯಲ್ಲಿ ಬಂದದ್ದೆಲ್ಲ ಕಾರಣವಾಗದು.

ಹಾಗಾದರೆ ಯಾವಾಗ ಎಚ್ಚರಗೊಳ್ಳಬೇಕು? ಒಂದು ವರ್ಷ ತುಂಬಿದ ಮಗು ಹೆಸರು ಕರೆದಾಗ ತಿರುಗಬೇಕು. ಒಂದೂವರೆ ವರ್ಷಕ್ಕೆ ಚಂದಮಾಮನನ್ನೋ, ಬೀದಿಯ ನಾಯಿಯನ್ನೋ ಬೆರಳು ಚಾಚಿ ನಿಮಗೆ ತೋರಿಸಬೇಕು. ತೋರಿಸಿ, ನೀವು ನೋಡಿದಿರೋ ಎಂದು ನಿಮ್ಮ ಮುಖ ನೋಡಬೇಕು. ನನ್ನ ಮಟ್ಟಿಗೆ ಇದು ಮಾತಿಗಿಂತಲೂ ದೊಡ್ಡ ಗುರುತು. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಕೊಡು" ಎಂದು ಎರಡು ಪದ ಕೂಡಿಸಬೇಕು. ಬಂದ ಮಾತು ನಿಂತುಹೋದರೆ ಯಾವ ವಯಸ್ಸಿನಲ್ಲಾದರೂ ತಡಮಾಡಕೂಡದು. ಹುಣಿಸೆ ಬೀಜಗಳನ್ನು ಗಂಟೆಗಟ್ಟಲೆ ಸಾಲಾಗಿ ಜೋಡಿಸುವುದು, ಗಾಡಿಯ ಚಕ್ರವನ್ನೇ ತಿರುಗಿಸುತ್ತಾ ಕೂರುವುದು, ಗಿರಣಿಯ ಸದ್ದಿಗೆ ಕಿವಿ ಮುಚ್ಚಿ ಕಿರಿಚುವುದು, ಒಂದೇ ಬಗೆಯ ಊಟವನ್ನು ಮಾತ್ರ ತಿನ್ನುವುದು ಇವೂ ಜೊತೆಯಲ್ಲಿ ಕಾಣುವುದುಂಟು.

ಇಂಥ ಮಗುವಿಗೆ ಮೊಟ್ಟಮೊದಲು ಆಗಬೇಕಾದುದು ಕಿವಿಯ ಪರೀಕ್ಷೆ. ಕಿವುಡು ಮಗುವೂ ಕರೆದರೆ ತಿರುಗದು, ಮಾತನಾಡದು. ಅದಕ್ಕೆ ಬೇಕಾದ ಉಪಾಯವೇ ಬೇರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಆ ದಿನ ಮಗುವನ್ನು ಅಡಗಿಸಿಡದೆ ಕರೆತನ್ನಿ. ಅಲ್ಲಿಂದ ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಕೇಂದ್ರಕ್ಕೆ ಚೀಟಿ ದೊರೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತಿನ ಪರೀಕ್ಷೆಯೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರ ಸಲಹೆಯೂ ಇವೆ.

ಬಜೆ ತೇಯ್ದು ನಾಲಿಗೆಗೆ ಸವರುವುದರಿಂದ ಮಾತು ಬಾರದು. ಬರೆ ಹಾಕುವುದು ಚಿಕಿತ್ಸೆಯಲ್ಲ, ಹಿಂಸೆ. ದೇವರಿಗೆ ಹರಕೆ ಹೊತ್ತರೆ ನನ್ನ ಆಕ್ಷೇಪಣೆಯಿಲ್ಲ. ಹರಕೆಯ ಜೊತೆಗೆ ಆಸ್ಪತ್ರೆಯ ಬಸ್ಸನ್ನೂ ಹತ್ತಿರಿ. ಇದನ್ನು ಗುಣಪಡಿಸುವ ಮಾತ್ರೆ ಇದುವರೆಗೆ ಯಾರ ಬಳಿಯಲ್ಲಿಯೂ ಇಲ್ಲ. ಮೂರು ತಿಂಗಳಲ್ಲಿ ಗುಣವೆಂದು ಹೇಳಿ ಸಾವಿರಾರು ರೂಪಾಯಿ ಕೇಳುವವರಿಗೆ ಹಸು ಮಾರಿ ಹಣ ಕೊಡಬೇಡಿ. ಫಿಟ್ಸ್, ನಿದ್ರೆಯ ತೊಂದರೆಗಳಿದ್ದರೆ ಅವಕ್ಕೆ ಔಷಧಿಯುಂಟು. ಅದನ್ನು ತಪ್ಪದೆ ಕೊಡಬೇಕು.

ಗುಣವಾಗದೆಂದ ಮೇಲೆ ಮಾಡುವುದೇನು ಎನ್ನುವಿರೋ? ಕಲಿಸುವುದು. ಅದಕ್ಕೆ ಮನೆಯಷ್ಟು ದೊಡ್ಡ ಶಾಲೆಯಿಲ್ಲ. ಮಗುವಿನ ಮುಂದೆ ಅದರ ಎತ್ತರಕ್ಕೆ ಕುಳಿತು, "ನೀರು", "ಚಪ್ಪಲಿ", "ಹೋಗೋಣ" ಎಂದು ಒಂದೊಂದೇ ಪದವನ್ನು ವಸ್ತುವಿನೊಡನೆ ಹೇಳಿ, ಹೇಳಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ನಾವು ಕಾಯುವುದಿಲ್ಲ, ಅದೇ ತಪ್ಪು. ಬೇಕಾದ ವಸ್ತುವನ್ನು ಕಾಣುವ, ಆದರೆ ಕೈಗೆ ಎಟುಕದ ಎತ್ತರದಲ್ಲಿಡಿ. ಮಗು ನೋಡಿದರೆ, ಬೆರಳು ತೋರಿದರೆ, ಸದ್ದು ಮಾಡಿದರೆ ಕೂಡಲೆ ಕೊಟ್ಟು ಮೆಚ್ಚಿರಿ. ಮಾತು ಬಾರದ ಮಗುವಿಗೆ ಲೋಟ, ತಟ್ಟೆ, ಹಾಸಿಗೆಯ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಕೊಡಿ. ಚಿತ್ರ ತೋರಿಸುವುದರಿಂದ ಬರುವ ಮಾತು ನಿಂತುಹೋಗುತ್ತದೆಂಬ ಭಯ ಬೇಡ.

ಅಂಗಿ ತೊಡುವುದನ್ನು ಕಲಿಸಬೇಕೆಂದಿರಲಿ. ಎಲ್ಲ ಗುಂಡಿಗಳನ್ನೂ ನೀವು ಹಾಕಿ, ಕೊನೆಯ ಒಂದನ್ನು ಮಾತ್ರ ಅದರ ಕೈಯಿಂದ ಹಾಕಿಸಿ. ವಾರ ಕಳೆದ ಮೇಲೆ ಕೊನೆಯ ಎರಡು. ಮುಗಿಸಿದ ಸಂತೋಷ ಪ್ರತಿದಿನವೂ ಮಗುವಿಗೆ ಸಿಗುತ್ತದೆ. ಸ್ನಾನ, ಊಟ, ಶೌಚ ಎಲ್ಲವನ್ನೂ ಹೀಗೆಯೇ ತುಂಡುಮಾಡಿ, ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಕಲಿಸತಕ್ಕದ್ದು. ಅಳು ನಿಲ್ಲಿಸಲೆಂದು ಮೊಬೈಲು ಕೊಟ್ಟು ಕೂರಿಸುವುದು ಸುಲಭ. ಅದರಿಂದ ಆಟಿಸಂ ಬರುವುದಿಲ್ಲ, ಆದರೆ ನಿಮ್ಮ ಮುಖ ನೋಡಬೇಕಾದ ಹೊತ್ತು ಕಳೆದುಹೋಗುತ್ತದೆ.

ಒಂದು ಅಪಾಯವನ್ನು ಒತ್ತಿ ಹೇಳುತ್ತೇನೆ. ಈ ಮಕ್ಕಳು ಹೇಳದೆ ಕೇಳದೆ ಮನೆಯಿಂದ ನಡೆದುಬಿಡುವುದುಂಟು, ಮತ್ತು ಅವರಲ್ಲಿ ಹಲವರಿಗೆ ನೀರೆಂದರೆ ಬಲು ಇಷ್ಟ. ನಮ್ಮ ಹೊಲಗಳಲ್ಲಿ ಈಗ ಎಲ್ಲೆಲ್ಲಿಯೂ ಕೃಷಿ ಹೊಂಡಗಳಿವೆ. ಪ್ಲಾಸ್ಟಿಕ್ ಹಾಸಿದ ಹೊಂಡದಿಂದ ದೊಡ್ಡವರೇ ಹತ್ತಿ ಬರಲಾರರು. ಹೊಂಡಕ್ಕೆ ಬೇಲಿ, ಮನೆಯ ಬಾಗಿಲಿಗೆ ಎತ್ತರದಲ್ಲಿ ಚಿಲಕ, ಮಗುವಿನ ಅಂಗಿಯ ಒಳಗೆ ಹೊಲಿದ ಫೋನ್ ಸಂಖ್ಯೆ ಈ ಮೂರನ್ನು ಈ ವಾರವೇ ಮಾಡಿ.

ಇನ್ನು ಶಾಲೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಈ ಮಗುವಿಗೂ ಸೇರಿದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಸ್ವಲೀನತೆಯೂ, ಬೌದ್ಧಿಕ ವಿಕಲತೆಯೂ, ಕಲಿಕಾ ನ್ಯೂನತೆಯೂ ಇವೆ. ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟು ವಿಕಲತೆಯಿದೆಯೆಂದು ಪ್ರಮಾಣಪತ್ರ ದೊರೆತರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ನೀವು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕು ಮಗುವಿಗಿದೆ. ಪ್ರಮಾಣಪತ್ರ ಮತ್ತು ಗುರುತಿನ ಚೀಟಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ. ಶಾಲೆಯಲ್ಲಿ ತೊಡಕಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಸಂಪನ್ಮೂಲ ಶಿಕ್ಷಕರನ್ನು ಕೇಳಿರಿ.

ನಾನು ಮೊದಲು ಹೇಳಿದ ಆ ಬಾಲಕನ ಶಾಲೆಯ ಕಥೆ ನಿಮಗೆ ಉಪಯೋಗವಾದೀತು. ಮೊದಲ ತಿಂಗಳು ಅವನು ಹೋದದ್ದು ಬಿಸಿಯೂಟದ ಹೊತ್ತಿಗೆ ಮಾತ್ರ. ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದೇ ಅವನ ಮೊದಲ ಪಾಠ. ಅನಂತರ ಒಂದು ಗಂಟೆ, ಆಮೇಲೆ ಮಧ್ಯಾಹ್ನವೆಲ್ಲ. ಗಂಟೆಯ ಸದ್ದಿಗೆ ಕಿರಿಚಿ ಓಡುತ್ತಿದ್ದನು. ಮೇಷ್ಟರು ಗಂಟೆ ಬಾರಿಸುವ ಮುನ್ನ ಅವನಿಗೆ ಕೈಸನ್ನೆ ಮಾಡತೊಡಗಿದರು, ಅವನೇ ಕಿವಿ ಮುಚ್ಚಿಕೊಂಡು ನಿಲ್ಲತೊಡಗಿದನು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊದಲಾಗಿ ಮುಂದೆ ರಾಜ್ಯವೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿ ಇಂಥ ಮಕ್ಕಳಿಗೆ ಒಂದು ವರವೆಂದೇ ನನ್ನ ಅಭಿಪ್ರಾಯ. ಅಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ನಿಂತು, ಚಿತ್ರದ ಕಾರ್ಡು ಹಿಡಿದು, ತನ್ನ ವೇಗದಲ್ಲಿ ಹತ್ತುತ್ತದೆ. ತೊಂದರೆ ತಲೆಯೆತ್ತುವುದು ನಾಲ್ಕನೆಯ ತರಗತಿಯಲ್ಲಿ, ಎಲ್ಲರಿಗೂ ಒಂದೇ ಪಾಠವಾದಾಗ. ಆ ಬೇಸಿಗೆಯಲ್ಲಿಯೇ ಹೊಸ ಮೇಷ್ಟರನ್ನು ಕಂಡು ಮಗುವಿನ ಇಷ್ಟಾನಿಷ್ಟಗಳನ್ನು ಹೇಳಿಬನ್ನಿ.

ಈಗ ಆ ಬಾಲಕನಿಗೆ ಒಂಬತ್ತು ವರ್ಷ. ನಮ್ಮ ರಸ್ತೆಯಲ್ಲಿ ಹೋಗುವ ಬಸ್ಸುಗಳ ಬೋರ್ಡನ್ನೆಲ್ಲ ಓದುತ್ತಾನೆ, ಕಳೆಯುವ ಲೆಕ್ಕ ಬಾರದು. ಇಪ್ಪತ್ತು ಮೂವತ್ತು ಪದ ಆಡುತ್ತಾನೆ. ತಾಯಿಯೊಡನೆ ಹಿಪ್ಪುನೇರಳೆ ಸೊಪ್ಪು ಹರಡುವ ಕೆಲಸವನ್ನು ಒಂದೆಲೆ ಆಚೀಚೆಯಾಗದಂತೆ ಮಾಡುತ್ತಾನೆ. ಗುಣವಾಗಿಲ್ಲ, ಬೆಳೆಯುತ್ತಿದ್ದಾನೆ. ನಾನು ಕಳೆದ ಆ ಎರಡು ವರ್ಷ ದೊರೆತಿದ್ದರೆ ಇನ್ನೆಷ್ಟು ಪದ ಬರುತ್ತಿದ್ದವೋ ಹೇಳಲಾರೆ.

ಅವನ ಅಕ್ಕನಿಗೆ ಆಗ ಹನ್ನೊಂದು. ತಮ್ಮನನ್ನು ನೋಡಿಕೊಳ್ಳಲೆಂದು ಅವಳನ್ನು ಶಾಲೆಯಿಂದ ಬಿಡಿಸುವ ಮಾತು ನಡೆದಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮಗುವಿನ ಕಷ್ಟಕ್ಕೆ ಇನ್ನೊಂದು ಮಗುವಿನ ಓದನ್ನು ತೆರುವುದು ನ್ಯಾಯವಲ್ಲ. ಈ ಕೆಲಸ ತಂದೆಯ ಪಾಲಿನದು. ಬೆಳಗಿನ ಒಂದು ಗಂಟೆ ಮಗುವಿನೊಡನೆ ತಾನಿರುತ್ತೇನೆಂದು ತಂದೆ ಒಪ್ಪಿದ ಮನೆಗಳಲ್ಲಿ ತಾಯಿಯ ಮುಖದ ದಣಿವೇ ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ.

ಕಡೆಯದಾಗಿ, ದಂಪತಿಗಳು ನನ್ನನ್ನು ಗುಟ್ಟಾಗಿ ಕೇಳುವ ಪ್ರಶ್ನೆ: ಇನ್ನೊಂದು ಮಗು ಬೇಕೇ? "ನಾಳೆ ಇವನನ್ನು ನೋಡಿಕೊಳ್ಳಲು ಒಬ್ಬ ತಮ್ಮನಿರಲಿ" ಎಂದು ಹಿರಿಯರು ಒತ್ತಾಯಿಸುತ್ತಾರೆ. ಮೊದಲ ಮಗುವಿಗೆ ಆಟಿಸಂ ಇದ್ದಾಗ ಮುಂದಿನ ಮಗುವಿಗೂ ಅದು ಬರುವ ಸಂಭವ ಸುಮಾರು ಐದರಲ್ಲಿ ಒಂದು. ಎಂದರೆ ಐದರಲ್ಲಿ ನಾಲ್ಕು ಪಾಲು ಬಾರದಿರಬಹುದು. ಲೆಕ್ಕ ನನ್ನದು, ತೀರ್ಮಾನ ನಿಮ್ಮಿಬ್ಬರದು. ಅತ್ತೆಯದಲ್ಲ, ವೈದ್ಯನದೂ ಅಲ್ಲ. ಬೇಕೆಂದರೆ ಮೂರು ವರ್ಷವಾದರೂ ಅಂತರವಿಡಿ, ಈಗಿನ ಮಗುವಿಗೆ ಆ ಕಾಲ ಬೇಕು. ಹೊಸ ಮಗುವನ್ನು ಒಂಬತ್ತನೆಯ ತಿಂಗಳಿನಿಂದಲೇ ತೋರಿಸಲು ತನ್ನಿ. ಬೇಡವೆಂದರೆ ಅದಕ್ಕೆ ಬೇಕಾದ ವಿಧಾನಗಳು ನಮ್ಮಲ್ಲಿವೆ, ಗಂಡಸರ ಸುಲಭ ಶಸ್ತ್ರಚಿಕಿತ್ಸೆಯೂ ಸೇರಿ.

ಗುರುವಾರ ಲಸಿಕೆಯ ದಿನವಾದುದರಿಂದ ಕೇಂದ್ರದಲ್ಲಿ ಅಳುವ ಮಕ್ಕಳ ಗದ್ದಲ ಹೆಚ್ಚು. ಇಂಥ ಮಗು ಅದನ್ನು ತಾಳಲಾರದು. ಬೇರೆ ದಿನ ಬೆಳಿಗ್ಗೆ ರೋಗಿಗಳ ಸಾಲು ಕರಗಿದ ಮೇಲೆ ಬನ್ನಿ. ತಾಯಿ ಕಾರ್ಡನ್ನೂ, ಮಗು ಸದಾ ಕೈಯಲ್ಲಿ ಹಿಡಿದಿರುವ ವಸ್ತು ಯಾವುದಿದೆಯೋ ಅದನ್ನೂ ಜೊತೆಯಲ್ಲಿ ತನ್ನಿ. ಕೇಳಬೇಕಾದುದನ್ನು ಬಾಗಿಲ ಬಳಿಗೆ ಉಳಿಸಿಕೊಳ್ಳದೆ, ಕುಳಿತ ಕೂಡಲೆ ಕೇಳಿರಿ.